1969ರ ಕಮಾರೊ: ಈ ಗೇಜ್‌ಗಳು ಫ್ಯಾಕ್ಟರಿಯಿಂದಲೇ ಬಂದವಾ?

ಪ್ರಶ್ನೆ: ನಾನು ಅಮೆರಿಕದ ಮಿಶಿಗನ್‌ನಲ್ಲಿ ಕೆಲಸದಲ್ಲಿದ್ದೇನೆ. ಹಳೇ ಮಸಲ್ ಕಾರೊಂದನ್ನು (ದೊಡ್ಡ ಎಂಜಿನ್‌ನ ಅಮೆರಿಕನ್ ಕಾರು) ಕೊಳ್ಳಬೇಕೆಂಬ ಆಸೆ ಬಹಳ ದಿನದ್ದು. ಈಗ 1969ರ ಶೆವ್ರೊಲೆ ಕಮಾರೊ ಎಸ್‌ಎಸ್ 350 (ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 350 ಎಂಜಿನ್‌ನ ಅಳತೆ) ಒಂದು ಕಣ್ಣಿಗೆ ಬಿದ್ದಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಟ್ಯಾಕೋಮೀಟರ್ (ಎಂಜಿನ್ ಸುತ್ತುವ ವೇಗ ತೋರಿಸುವ ಮೀಟರ್) ಇದೆ, ಮುಂದಿನ ಸೀಟುಗಳ ನಡುವಿನ ಕನ್ಸೋಲ್ ಮೇಲೆ ನಾಲ್ಕು ಗೇಜ್‌ಗಳಿವೆ. "ಎಲ್ಲ ಫ್ಯಾಕ್ಟರಿದು, ಅಪರೂಪದ ಆಪ್ಷನ್" ಎಂದು ಮಾಲೀಕರು ಬೆಲೆ ಏರಿಸಿದ್ದಾರೆ. ಆದರೆ ಪೆಟ್ರೋಲ್ ಮುಳ್ಳು ಫುಲ್ ಗೆರೆ ದಾಟಿ ಅಲ್ಲೇ ನಿಂತಿದೆ. ಆಂಪಿಯರ್ ಮುಳ್ಳು ಅಲ್ಲಾಡುವುದೇ ಇಲ್ಲ. ಗಡಿಯಾರ ಕೆಟ್ಟಿದೆ. ಓಡೋಮೀಟರ್ 41 ಸಾವಿರ ಮೈಲಿ ತೋರಿಸುತ್ತಿದೆ. ಇವು ಕಾರಿನ ಜೊತೆಗೇ ಬಂದವು ಎಂದು ಹೇಗೆ ತಿಳಿಯುವುದು? ಕೊಂಡ ಮೇಲೆ ಎಲ್ಲ ಕಿತ್ತು ಡಿಜಿಟಲ್ ಗೇಜ್ ಹಾಕಿಸುವುದು ಒಳ್ಳೆಯದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಗೇಜ್‌ನ ಮುಖ ನೋಡಿ ಅದು ಕಾರಿನ ಜೊತೆ ಬಂದದ್ದೋ ಆಮೇಲೆ ಸೇರಿದ್ದೋ ಅಂತ ಯಾರೂ ಹೇಳಲಾರರು. 1969ರ ಕಮಾರೊದ ಕನ್ಸೋಲ್ ಗೇಜ್ ಸೆಟ್ಟು ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಕೆಲವು ನೂರು ಡಾಲರ್ ಕೊಟ್ಟರೆ ಮನೆ ಬಾಗಿಲಿಗೆ ಬರುತ್ತದೆ. ಒಂದು ಶನಿವಾರ ಭಾನುವಾರ ಕೂತರೆ ಹಾಕಿಯೂ ಆಗುತ್ತದೆ. ಹಾಗಾಗಿ ನೀವು ನೋಡಬೇಕಾದ್ದು ಗೇಜ್‌ನ ಮುಖವನ್ನಲ್ಲ. ಅದರ ಹಿಂದಿನ ವೈರು, ಎಂಜಿನ್‌ನಲ್ಲಿದ್ದು ಗೇಜ್‌ಗೆ ಅಳತೆ ಕಳಿಸುವ ಸೆಂಡರ್, ಮತ್ತು ಕಾಗದ. ಮುಳ್ಳುಗಳ ತೊಂದರೆಗೆ ಹೆದರಬೇಡಿ. ನೀವು ಹೇಳಿದ ಮೂರೂ ಅಗ್ಗದಲ್ಲಿ ಸರಿಹೋಗುವಂಥವು.

ಈಗ ಶೆವ್ರೊಲೆ ಅವತ್ತು ಏನು ಕೊಡುತ್ತಿತ್ತು ಅಂತ ನೋಡೋಣ. ಜಾಸ್ತಿ ಜನ ಎಡವುವುದು ಇಲ್ಲೇ. ಎಸ್‌ಎಸ್ ಅಂದಮೇಲೆ ಗೇಜ್ ಇರಲೇಬೇಕು ಅಂದುಕೊಳ್ಳುತ್ತಾರೆ. ಹಾಗೇನೂ ಇರಲಿಲ್ಲ. 1969ರ ಕಮಾರೊದಲ್ಲಿ ಮಾಮೂಲಿಯಾಗಿ ಬರುತ್ತಿದ್ದದ್ದು ಸ್ಪೀಡೋಮೀಟರ್ ಮತ್ತು ಪೆಟ್ರೋಲ್ ಮೀಟರ್, ಅಷ್ಟೇ. ಆಯಿಲ್, ಬಿಸಿ, ಚಾರ್ಜಿಂಗ್ ಎಲ್ಲಕ್ಕೂ ಕೆಂಪು ವಾರ್ನಿಂಗ್ ಲೈಟು. ಗೇಜ್ ಬೇಕೆಂದರೆ ಯು17 ಎಂಬ ಕೋಡ್ ಬರೆಸಬೇಕಿತ್ತು. ಅದರ ಹೆಸರು ಸ್ಪೆಷಲ್ ಇನ್‌ಸ್ಟ್ರುಮೆಂಟೇಷನ್, ಬೆಲೆ 94 ಡಾಲರ್ 80 ಸೆಂಟ್. ಎಂಜಿನ್ ವಿ8 ಆಗಿರಬೇಕಿತ್ತು, ಕನ್ಸೋಲ್ ಅನ್ನೂ ದುಡ್ಡು ಕೊಟ್ಟು ಹಾಕಿಸಿಕೊಂಡಿರಬೇಕಿತ್ತು. ಆಗ ಬಲಗಡೆಯ ದೊಡ್ಡ ಗೂಡಿನಲ್ಲಿ ಟ್ಯಾಕೋಮೀಟರ್ ಬರುತ್ತಿತ್ತು, ನಡುವಿನ ಸಣ್ಣ ಗೂಡಿನಲ್ಲಿ ಗಡಿಯಾರ. ಪೆಟ್ರೋಲ್, ಟೆಂಪರೇಚರ್, ಆಯಿಲ್ ಪ್ರೆಷರ್, ಆಂಪಿಯರ್ ಈ ನಾಲ್ಕೂ ಕೆಳಗೆ ಕನ್ಸೋಲ್ ಮೇಲೆ.

ಅವತ್ತಿನ ವಿ8 ಕಮಾರೊದ ಮೂಲ ಬೆಲೆಯೇ ಸುಮಾರು 2,700 ಡಾಲರ್. ಅದರ ಮೇಲೆ 95 ಡಾಲರ್ ಅಂದರೆ ಸಣ್ಣ ಮೊತ್ತ ಏನಲ್ಲ. ಹೆಚ್ಚಿನ ಕಾರುಗಳನ್ನು ಗಿರಾಕಿ ಕೂತು ಬರೆಸುತ್ತಿರಲಿಲ್ಲ, ಡೀಲರ್ ತನ್ನ ಅಂಗಳಕ್ಕೆ ತರಿಸಿ ನಿಲ್ಲಿಸುತ್ತಿದ್ದ. ಡೀಲರ್ ಬರೆಸುತ್ತಿದ್ದದ್ದು ನೋಡಿದ ತಕ್ಷಣ ಮಾರಾಟವಾಗುವ ಸಾಮಾನು: ವೈನಿಲ್ ಟಾಪು, ರೇಡಿಯೋ, ಆಟೋಮ್ಯಾಟಿಕ್ ಗೇರ್. ಆಯಿಲ್ ಪ್ರೆಷರ್ ಗೇಜ್ ನೋಡಿ ಮನಸೋತು ಕಾರು ಕೊಂಡವರು ಕಡಿಮೆ. ರೇಸ್ ಓಡಿಸುವವರಂತೂ ಕಾರು ತಂದ ದಿನವೇ ಸ್ಟಿಯರಿಂಗ್ ಕಂಬಕ್ಕೆ ಹೊರಗಿನ ಟ್ಯಾಕೋಮೀಟರ್ ಒಂದನ್ನು ಬಿಗಿಯುತ್ತಿದ್ದರು.

ಝಡ್/28 ಮಾದರಿಯನ್ನೇ ನೋಡಿ. ಟ್ರಾನ್ಸ್-ಆಮ್ ರೇಸಿಗೆ ಅರ್ಹತೆ ಸಿಗಲಿ ಅಂತ ಮಾಡಿದ ಕಾರು, 302 ಕ್ಯೂಬಿಕ್ ಇಂಚಿನ ಎಂಜಿನ್, ಆರ್‌ಪಿಎಂ ಮೇಲೇರಿದರೇ ಅದಕ್ಕೆ ಜೀವ. ಆ ಕಾರಿಗೂ ಟ್ಯಾಕೋಮೀಟರ್ ಬೇಕೆಂದರೆ ಬೇರೆ ದುಡ್ಡು! 1969ರಲ್ಲಿ 20,302 ಝಡ್/28 ತಯಾರಾದವು. ಅವುಗಳಲ್ಲಿ ಬರೀ ವಾರ್ನಿಂಗ್ ಲೈಟಿನ ಡ್ಯಾಶ್‌ಬೋರ್ಡ್ ಇದ್ದವೂ ಇವೆ. ಅಂಥ ಕಾರನ್ನು ನೋಡಿ "ಯಾರೋ ಗೇಜ್ ಕಿತ್ತಿದ್ದಾರೆ" ಎಂದು ಹಿಂದೆ ಸರಿಯಬಾರದು. ಅದು ಹುಟ್ಟಿದ್ದೇ ಹಾಗೆ ಇರಬಹುದು.

ಆಪ್ಷನ್ ಪಟ್ಟಿಯಲ್ಲಿ ವಿಚಿತ್ರಗಳಿಗೇನೂ ಬರವಿರಲಿಲ್ಲ. ವಿ75 ಅಂತ ಒಂದಿತ್ತು, ಲಿಕ್ವಿಡ್ ಟೈರ್ ಚೈನ್. ಹಿಮದಲ್ಲಿ ಹಿಂದಿನ ಚಕ್ರ ಜಾರಿದರೆ ಡ್ಯಾಶ್‌ಬೋರ್ಡ್‌ನಿಂದಲೇ ಒಂದು ಗುಂಡಿ ಒತ್ತಬೇಕು, ಟೈರಿನ ಮೇಲೆ ಅಂಟಿನಂಥ ದ್ರವ ಸಿಂಪಡಿಸುತ್ತದೆ. ನಿಮ್ಮ ಮಿಶಿಗನ್ ಚಳಿಗೆ ಹೇಳಿ ಮಾಡಿಸಿದ್ದು ಅನ್ನಿಸಬಹುದು, ಆದರೆ ಜನ ಮೂಸಿಯೂ ನೋಡಲಿಲ್ಲ. ಯು46 ಅನ್ನುವುದರಲ್ಲಿ ಫೈಬರ್ ಆಪ್ಟಿಕ್ ಎಳೆಗಳ ಮೂಲಕ ಹೆಡ್‌ಲೈಟು ಉರಿಯುತ್ತಿದೆಯಾ ಇಲ್ಲವಾ ಎಂದು ಡ್ರೈವರ್‌ಗೆ ಕಾಣಿಸುವ ಏರ್ಪಾಡು. ಯು15 ಹಾಕಿಸಿದರೆ ನೀವು ಹೊಂದಿಸಿಟ್ಟ ವೇಗ ದಾಟಿದೊಡನೆ ಸ್ಪೀಡೋಮೀಟರ್ ಗುಂಯ್ ಎನ್ನುತ್ತಿತ್ತು. ಜೆಎಲ್8 ಅಂದರೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 500 ಡಾಲರ್ 30 ಸೆಂಟ್. ಅದನ್ನು ಹಾಕಿಸಿಕೊಂಡ ಕಮಾರೊಗಳು 206 ಮಾತ್ರ. ಇವತ್ತು ಜೆಎಲ್8 ಇದ್ದರೆ ಕಾರಿನ ಬೆಲೆಯೇ ಬೇರೆ. ಯು17 ಅಷ್ಟು ಅಪರೂಪದ್ದಲ್ಲ. ಇದ್ದರೆ ಸಂತೋಷ, ಅಷ್ಟೇ. ಮಾಲೀಕರು ಹೇಳುವಷ್ಟು ದೊಡ್ಡ ಸಂಗತಿ ಅದಲ್ಲ.

ಒಂದು ಸಣ್ಣ ಅಂಕಿ ಮಾತ್ರ ಕೆಲವೊಮ್ಮೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮಾಮೂಲಿ ಕಮಾರೊದ ಸ್ಪೀಡೋಮೀಟರ್ 120 ಮೈಲಿಗೆ ಮುಗಿಯುತ್ತದೆ. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನಲ್ಲಿ ಡಾನ್ ಯೆಂಕೊ ಎಂಬ ಡೀಲರ್ ಇದ್ದ. ಆತ ಕೋಪೋ ಎಂಬ ವಿಶೇಷ ಆರ್ಡರ್ ದಾರಿಯಲ್ಲಿ 427 ಎಂಜಿನ್‌ನ ಕಮಾರೊಗಳನ್ನು ತರಿಸಿದ. ಅವುಗಳಿಗೆ ಬರೆಸಿದ 9737 ಎಂಬ ಪ್ಯಾಕೇಜ್‌ನಲ್ಲಿ 140 ಮೈಲಿಯ ಸ್ಪೀಡೋಮೀಟರ್ ಸೇರಿತ್ತು. ಈಗ ಯೆಂಕೊ ಕಾರಿನ ನಕಲು ಮಾಡುವವರು ಮೊದಲು ಹುಡುಕುವ ಸಾಮಾನುಗಳಲ್ಲಿ ಅದೂ ಒಂದು. ನಿಮ್ಮ ಕಾರು ಎಸ್‌ಎಸ್ 350, ಹಾಗಾಗಿ ನಿಮಗೆ ಈ ತಲೆನೋವಿಲ್ಲ. 140 ಮೈಲಿಯ ಮೀಟರ್ ಏನಾದರೂ ಕಂಡರೆ ಅದು ಎಲ್ಲಿಂದ ಬಂತು ಅಂತ ಕೇಳಿ.

ಇನ್ನು ಕಾಗದ. ಪಾಂಟಿಯಾಕ್ ಕೊಳ್ಳುವವರು ಪುಣ್ಯವಂತರು. 1961ರಿಂದ 1986ರವರೆಗಿನ ಪಾಂಟಿಯಾಕ್‌ಗಳ ಮೂಲ ಬಿಲ್ಲಿನ ನಕಲು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಆ ಕಾರಿಗೆ ಯಾವ ಆಪ್ಷನ್ ಹಾಕಿದ್ದರು ಅಂತ ಸಾಲು ಸಾಲಾಗಿ ಇರುತ್ತದೆ. ಫೋರ್ಡ್‌ನ 1967 ಮತ್ತು ಅದರಾಚೆಯ ಕಾರುಗಳಿಗೆ ಮಾರ್ಟಿ ರಿಪೋರ್ಟ್ ಇದೆ. ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಬಾನೆಟ್ ಕೆಳಗೆ ಎಡಗಡೆ ಒಂದು ತಗಡಿನ ಪಟ್ಟಿ ಸಿಗುತ್ತದೆ, ಫೆಂಡರ್ ಟ್ಯಾಗ್ ಅಂತ. 1970ರ ಚಾಲೆಂಜರ್ ಅಥವಾ ಬ್ಯಾರಕೂಡಾ ಆದರೆ ಅದರಲ್ಲಿ ಎ62 ಎಂದು ಕೊರೆದಿದ್ದರೆ ರ್‍ಯಾಲಿ ಗೇಜ್ ಸೆಟ್ಟು. ಬೇರೆ ಮಾದರಿಗಳಲ್ಲಿ ಎನ್85 ಇದ್ದರೆ ಟ್ಯಾಕೋಮೀಟರ್. ಮುಗಿಯಿತು, ವಾದವೇ ಇಲ್ಲ.

ಶೆವ್ರೊಲೆಯಲ್ಲಿ ಆ ಭಾಗ್ಯವಿಲ್ಲ. ಅಮೆರಿಕದಲ್ಲಿ ಮಾರಿದ ಆ ಕಾಲದ ಶೆವ್ರೊಲೆಗಳಿಗೆ ಕಾರಿಗೊಂದರಂತೆ ಆಪ್ಷನ್ ದಾಖಲೆ ಕಂಪನಿಯಿಂದ ಸಿಗುವುದಿಲ್ಲ. ಒಂದು ಅಪವಾದ ಇದೆ: ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಶೆವ್ರೊಲೆಯ ಮಾತೃ ಕಂಪನಿ ಜನರಲ್ ಮೋಟಾರ್ಸ್‌ನ (ಜಿಎಂ) ಕೆನಡಾ ಶಾಖೆ ದಾಖಲೆ ಕೊಡುತ್ತದೆ. ನೀವು ಇರುವುದು ಗಡಿಯ ಪಕ್ಕದ ರಾಜ್ಯ, ಈ ಕಾರು ಎಂದಾದರೂ ಆ ಕಡೆಯಿಂದ ಬಂದದ್ದಾ ಅಂತ ಒಂದು ಮಾತು ಕೇಳಿಬಿಡಿ.

ಕಾರಿನ ಮೇಲಿರುವ ನಂಬರುಗಳು ಎಷ್ಟು ಹೇಳುತ್ತವೆ? ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) 12437 ಎಂದು ಶುರುವಾದರೆ ವಿ8 ಎಂಜಿನ್‌ನ ಕೂಪೆ ಅಂತ. ಆಮೇಲೆ ಬರುವ 9 ಅಂದರೆ 1969. ಅದರ ಪಕ್ಕದ ಅಕ್ಷರ ಎನ್ ಆದರೆ ಒಹಾಯೋದ ನಾರ್‌ವುಡ್ ಕಾರ್ಖಾನೆ, ಎಲ್ ಆದರೆ ಲಾಸ್ ಏಂಜಲೀಸ್‌ನ ವ್ಯಾನ್ ನೈಸ್. ಎಸ್‌ಎಸ್ ಹೌದೋ ಅಲ್ಲವೋ ಅಂತಲೂ ಆ ನಂಬರ್ ಹೇಳುವುದಿಲ್ಲ. ಬಾನೆಟ್ ತೆರೆದರೆ ಎಂಜಿನ್ ಹಿಂದಿನ ಗೋಡೆಯ ಮೇಲೆ ಟ್ರಿಮ್ ಟ್ಯಾಗ್ ಕಾಣುತ್ತದೆ. ನಾರ್‌ವುಡ್‌ನಲ್ಲಿ 1968ರ ಡಿಸೆಂಬರ್ ಹೊತ್ತಿನಿಂದಾಚೆ ತಯಾರಾದ ಕಾರಾಗಿದ್ದರೆ ಅದರಲ್ಲಿ ಎಕ್ಸ್ ಅಕ್ಷರದ ಕೋಡ್ ಇರುತ್ತದೆ. ಎಕ್ಸ್55 ಇದ್ದರೆ ಎಸ್‌ಎಸ್ 350 ಎಂದು ಧೈರ್ಯವಾಗಿ ಹೇಳಬಹುದು. ಎಕ್ಸ್11 ಇದ್ದರೆ ಸ್ವಲ್ಪ ಕಷ್ಟ, ಯಾಕೆಂದರೆ ಹೊರಗಿನ ಅಲಂಕಾರದ ಪಟ್ಟಿ ಹಾಕಿಸಿಕೊಂಡ ಸಾಧಾರಣ ಕಾರಿಗೂ ಅದೇ ಕೋಡ್. ವ್ಯಾನ್ ನೈಸ್ ಕಾರುಗಳಿಗೆ ಈ ಎಕ್ಸ್ ಕೋಡೇ ಇಲ್ಲ. ಗೇಜ್ ವಿಷಯ ಮಾತ್ರ ಯಾವ ಟ್ಯಾಗ್ ಮೇಲೂ ಇರುವುದಿಲ್ಲ.

ಉಳಿದದ್ದು ವಿಂಡೋ ಸ್ಟಿಕ್ಕರ್, ಡೀಲರ್ ಕೊಟ್ಟ ಬಿಲ್ಲು, ಮತ್ತು ಬಿಲ್ಡ್ ಶೀಟ್. ಈ ಬಿಲ್ಡ್ ಶೀಟ್ ಅನ್ನುವುದು ಜೋಡಣೆ ಮಾಡುವವರಿಗೆ ಇದಕ್ಕೆ ಇದನ್ನು ಹಾಕು ಎಂದು ಹೇಳುತ್ತಿದ್ದ ಹಾಳೆ. ಕೆಲಸ ಮುಗಿದ ಮೇಲೆ ಅದನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ. ಸೀಟಿನ ಸ್ಪ್ರಿಂಗ್ ಒಳಗೆ, ಪೆಟ್ರೋಲ್ ಟ್ಯಾಂಕ್ ತಲೆಯ ಮೇಲೆ ಸಿಕ್ಕಿಹಾಕಿಕೊಂಡು ಉಳಿದದ್ದು ಎಷ್ಟೋ ಕಾರುಗಳಲ್ಲಿ ಸಿಕ್ಕಿದೆ. ಕೈಗೆ ಪುಡಿಪುಡಿಯಾಗುವ, ಇಲಿ ಕಚ್ಚಿದ ಹಾಳೆಯಾದರೂ ಅದರಲ್ಲಿ ಯು17 ಓದಲು ಸಿಕ್ಕರೆ ಮಾಲೀಕರು ಕೇಳಿದ ಹೆಚ್ಚುವರಿ ದುಡ್ಡಿಗೆ ನ್ಯಾಯವಿದೆ. ಒಂದು ಎಚ್ಚರಿಕೆ: ಹೊಸದಾಗಿ ಮುದ್ರಿಸಿದ ವಿಂಡೋ ಸ್ಟಿಕ್ಕರ್‌ಗಳು ಧಾರಾಳವಾಗಿ ಸಿಗುತ್ತವೆ. ಅವು ಗೋಡೆಗೆ ತೂಗುಹಾಕಲು ಚೆಂದ, ಸಾಕ್ಷಿ ಅಲ್ಲ.

ಕಾಗದ ಇಲ್ಲ ಅಂದುಕೊಳ್ಳಿ. ಆಗ ಟಾರ್ಚ್ ತಗೊಂಡು ಹೋಗಿ. ಬಾನೆಟ್ ಎತ್ತಿ ಎಂಜಿನ್‌ನ ಹಿಂಭಾಗ, ಡಿಸ್ಟ್ರಿಬ್ಯೂಟರ್ ಸುತ್ತಮುತ್ತ ನೋಡಿ. ವಾರ್ನಿಂಗ್ ಲೈಟಿನ ಕಾರಿಗೆ ಅಲ್ಲಿ ಆಯಿಲ್ ಸ್ವಿಚ್ಚಿಗೆ ಹೋಗುವ ಕಡು ನೀಲಿ ವೈರು ಇರುತ್ತದೆ. ಯು17 ಕಾರಿಗೆ ಆ ವೈರಿನ ಕೆಲಸವೇ ಇಲ್ಲ. ಅಲ್ಲಿನ ಆಯಿಲ್ ಗೇಜ್ ಕರೆಂಟಿನದಲ್ಲ. ಎಂಜಿನ್ ಬ್ಲಾಕ್‌ನಿಂದ ಸಣ್ಣದೊಂದು ನಳಿಕೆ ಹೊರಟು, ಗೋಡೆ ದಾಟಿ, ನೇರ ಕನ್ಸೋಲ್‌ನ ಗೇಜ್‌ವರೆಗೂ ಆಯಿಲ್ ಅನ್ನೇ ಒಯ್ಯುತ್ತದೆ. ಈಗ ನಿಮ್ಮ ಕಾರಿನಲ್ಲಿ ನಳಿಕೆಯೂ ಇದೆ, ಪಕ್ಕದಲ್ಲಿ ಒಂದು ನೀಲಿ ವೈರು ಮೂತಿಗೆ ಟೇಪ್ ಸುತ್ತಿಸಿಕೊಂಡು ಸುಮ್ನೆ ಮಲಗಿದೆ ಅಂದರೆ ಸಂಗತಿ ಗೊತ್ತಾಯಿತಲ್ಲ? ಆ ಕಾರು ವಾರ್ನಿಂಗ್ ಲೈಟಿನ ಜೊತೆ ಹುಟ್ಟಿದೆ, ಗೇಜ್ ಆಮೇಲೆ ಬಂದಿದೆ.

ಆಮೇಲೆ ಹಾರ್ನ್ ರಿಲೇ (ಹಾರ್ನ್‌ಗೆ ಕರೆಂಟ್ ಕೊಡುವ ಸ್ವಿಚ್ಚು) ಕಡೆ ಬನ್ನಿ. ಯು17 ಕಾರಿನಲ್ಲಿ ಆಂಪಿಯರ್ ಗೇಜ್‌ಗೆಂದೇ ಎರಡು ತೆಳು ವೈರುಗಳಿರುತ್ತವೆ: ಒಂದು ಕಪ್ಪು, ಇನ್ನೊಂದು ಕಪ್ಪಿನ ಮೇಲೆ ಬಿಳಿ ಗೆರೆ. ಒಂದೊಂದರ ದಾರಿಯಲ್ಲೂ ಒಂದೊಂದು ಸಣ್ಣ ಫ್ಯೂಸ್ ಡಬ್ಬಿ. ಅವು ಹಳೇ ವೈರುಗಳ ಕಂತೆಯ ಒಳಗಿಂದಲೇ, ಅದೇ ಟೇಪಿನ ಸುತ್ತಿನ ಒಳಗಿಂದಲೇ ಹೊರಬಂದಿವೆಯಾ, ಅಥವಾ ಹೊರಗಿನಿಂದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿದ್ದಾರಾ ನೋಡಿ. ಕಾಯಿಲ್‌ನಿಂದ ಟ್ಯಾಕೋಮೀಟರ್‌ಗೆ ಹೋಗುವ ಕಂದು ವೈರಿಗೂ ಇದೇ ಪರೀಕ್ಷೆ. ಐವತ್ತು ವರ್ಷ ಒಂದೇ ಬಿಸಿ, ಒಂದೇ ಧೂಳು ಕಂಡ ವೈರುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ನಡುವೆ ಒಂದು ವೈರು ಮಾತ್ರ ಮದುವೆಗೆ ಹೊರಟವನ ಹಾಗೆ ಫಳಫಳ ಹೊಳೆಯುತ್ತಿದ್ದರೆ ಅದು ಆಮೇಲೆ ಬಂದ ನೆಂಟ.

ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ ಕಾರಾದರೆ ಈ ಪರೀಕ್ಷೆ ನಡೆಯುವುದಿಲ್ಲ. ಗೇಜ್ ಕಾರಿನ ವೈರಿಂಗ್ ಕಂತೆಯೂ ಹೊಸದಾಗಿ ಸಿಗುತ್ತದೆ, ಸರಿಯಾದ ಬಣ್ಣದಲ್ಲೇ. ಅಂಥ ಕಾರಿನ ಬಗ್ಗೆ ಮಾಲೀಕರು ಏನೇ ಹೇಳಲಿ, ರಿಪೇರಿಗೆ ಮುಂಚೆ ತೆಗೆದ ಫೋಟೋ ಕೇಳಿ. ಕಾರು ಬಿಚ್ಚುವವರು ಫೋಟೋ ತೆಗೆದೇ ಇರುತ್ತಾರೆ.

ನೀವು ಈ ಕಾರು ಬಿಟ್ಟು ಬೇರೆ ನೋಡಲೂಬಹುದು. ಅದಕ್ಕೇ ಬೇರೆ ಕಾರುಗಳ ಬಗ್ಗೆ ಒಂದಿಷ್ಟು ಹೇಳುತ್ತೇನೆ. ಪ್ರತಿ ಕಂಪನಿಗೂ ಒಂದೊಂದು ಚಾಳಿ. 1967 ಮತ್ತು 68ರ ಫೋರ್ಡ್ ಮಸ್ಟಾಂಗ್ ತಗೊಳ್ಳಿ. ಮಾಮೂಲಿ ಡ್ಯಾಶ್‌ಬೋರ್ಡ್‌ನಲ್ಲಿ ಬಲಗಡೆಯ ದೊಡ್ಡ ಗೂಡಿನಲ್ಲಿ ಆಯಿಲ್ ಮತ್ತು ಆಂಪಿಯರ್ ಗೇಜ್ ಇರುತ್ತವೆ. ದುಡ್ಡು ಕೊಟ್ಟು ಟ್ಯಾಕೋಮೀಟರ್ ಹಾಕಿಸಿಕೊಂಡರೆ ಅದು ಅದೇ ಗೂಡಿನಲ್ಲಿ ಬಂದು ಕೂರುತ್ತದೆ, ಆ ಎರಡು ಗೇಜ್ ಹೋಗಿ ಬರೀ ಲೈಟ್ ಉಳಿಯುತ್ತವೆ. ಜಾಸ್ತಿ ದುಡ್ಡು ಕೊಟ್ಟವನಿಗೆ ಎರಡು ಗೇಜ್ ಕಡಿಮೆ! ಮಸ್ಟಾಂಗ್‌ನಿಂದಲೇ ಮಾಡಿದ 1967ರ ಶೆಲ್ಬಿ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಸ್ಟೂವರ್ಟ್ ವಾರ್ನರ್ ಕಂಪನಿಯ ಆಯಿಲ್, ಆಂಪಿಯರ್ ಗೇಜ್‌ಗಳನ್ನು ಪ್ರತ್ಯೇಕವಾಗಿ ಕೂರಿಸಿದ್ದರ ಹಿಂದೆ ಈ ಕಥೆ ಇದೆ. ಹಾಗಾಗಿ ಟ್ಯಾಕೋಮೀಟರ್ ಇರುವ 67ರ ಮಸ್ಟಾಂಗ್‌ನಲ್ಲಿ ಆಯಿಲ್‌ಗೆ ಬರೀ ಲೈಟ್ ಇದ್ದರೆ ಅದು ಸರಿಯಾದದ್ದೇ.

ಶೆವ್ರೊಲೆಯದೇ 1970ರ ಶೆವೆಲ್ ಎಸ್‌ಎಸ್ ಕೂಡ ಹೀಗೇ ಗೊಂದಲ ಮಾಡುತ್ತದೆ. ಗುಂಡನೆಯ ಗೂಡುಗಳ ಚೆಂದದ ಡ್ಯಾಶ್‌ಬೋರ್ಡ್ ಎಸ್‌ಎಸ್ ಜೊತೆ ಬರುತ್ತಿತ್ತು, ಗೇಜ್ ಮಾತ್ರ ಬರುತ್ತಿರಲಿಲ್ಲ. ಅವು ಬೇಕೆಂದರೆ ಯು14, ಅದಕ್ಕೆ 84 ಡಾಲರ್ 30 ಸೆಂಟ್. ಅದನ್ನು ಬರೆಸಿದರೂ ಆಯಿಲ್ ಪ್ರೆಷರ್ ಗೇಜ್ ಸಿಗುತ್ತಿರಲಿಲ್ಲ, ಆಯಿಲ್‌ಗೆ ಕೊನೆತನಕ ಲೈಟೇ ಗತಿ. 450 ಅಶ್ವಶಕ್ತಿಯ ಎಲ್ಎಸ್6 ಎಂಜಿನ್ ಕೊಟ್ಟು ಆಯಿಲ್ ಪ್ರೆಷರ್ ತೋರಿಸುವ ಒಂದು ಮುಳ್ಳು ಕೊಡದ ಬುದ್ಧಿ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಅಂಥ ಡ್ಯಾಶ್‌ಬೋರ್ಡ್ ಒಳಗೆ ಆಯಿಲ್ ಗೇಜ್ ಕಂಡರೆ ಅದು ಫ್ಯಾಕ್ಟರಿಯದ್ದಲ್ಲ.

ಪಾಂಟಿಯಾಕ್‌ನವರು 1967ರಲ್ಲಿ ಜಿಟಿಒ ಕಾರಿನ ಬಾನೆಟ್ ಮೇಲೇ ಟ್ಯಾಕೋಮೀಟರ್ ಕೂರಿಸಿದರು, ಗಾಜಿನ ಆಚೆ. ರಸ್ತೆಯಿಂದ ಕಣ್ಣು ತೆಗೆಯದೆ ಓದಬಹುದು ಅನ್ನುವುದು ಲೆಕ್ಕ. ಲೆಕ್ಕ ಸರಿ, ಆದರೆ ಮಳೆ, ಬಿಸಿಲು, ಎಂಜಿನ್ ಬಿಸಿ ಎಲ್ಲ ಅದರ ತಲೆಯ ಮೇಲೆ. ಬಾನೆಟ್ ಧಡಾರನೆ ಹಾಕಿದಾಗಲೆಲ್ಲ ಒಳಗಿನ ಸೂಕ್ಷ್ಮ ಸಾಮಾನಿಗೆ ಒದೆ. ಹಾಗಿದ್ದೂ ನೋಡಲು ಅದರಷ್ಟು ಮಜಾ ಇನ್ಯಾವುದೂ ಕೊಡುವುದಿಲ್ಲ. 1970ರಲ್ಲಿ ಎಎಂಸಿ (ಅಮೆರಿಕನ್ ಮೋಟಾರ್ಸ್) ಕಂಪನಿಯವರು ರೆಬೆಲ್ ಮಶೀನ್ ಕಾರಿನಲ್ಲಿ ಇದೇ ಉಪಾಯವನ್ನು ಬಾನೆಟ್‌ನ ಗಾಳಿಗೂಡಿನ ಬೆನ್ನಿಗೆ ಸೇರಿಸಿದರು.

1965, 66ರ ಮಸ್ಟಾಂಗ್‌ಗಳ ಸ್ಟಿಯರಿಂಗ್ ಕಂಬದ ಮೇಲೆ ಕೂರುವ ರ್‍ಯಾಲಿ ಪ್ಯಾಕ್ ಬಗ್ಗೆ ಒಂದೇ ಮಾತು: ಒಂದು ಕಡೆ ಟ್ಯಾಕೋಮೀಟರ್, ಇನ್ನೊಂದು ಕಡೆ ಗಡಿಯಾರ ಇರುವ ಆ ಜೋಡಿಯನ್ನು ಡೀಲರ್ ಅಂಗಡಿಯಲ್ಲೂ ಕೊಂಡು ಹಾಕಿಸಿಕೊಳ್ಳಬಹುದಿತ್ತು. ಟ್ಯಾಕೋಮೀಟರ್ 8000 ಆರ್‌ಪಿಎಂವರೆಗಿನದಾದರೆ ಅದು 271 ಅಶ್ವಶಕ್ತಿಯ 289 ಎಂಜಿನ್‌ಗೆ, 6000ದ್ದು ಮಿಕ್ಕ ಎಂಜಿನ್‌ಗಳಿಗೆ.

ಈಗ ನಿಮ್ಮ ಮುಳ್ಳುಗಳಿಗೆ ಬರೋಣ. ಪೆಟ್ರೋಲ್ ಮುಳ್ಳು ಫುಲ್ ದಾಟಿ ನಿಂತಿದೆ ಅಂದಿರಿ. ಒಳ್ಳೆಯ ಲಕ್ಷಣ! 1965ರಿಂದ ಹಲವು ವರ್ಷ ತಯಾರಾದ ಜಿಎಂ ಕಾರುಗಳಲ್ಲಿ ಟ್ಯಾಂಕಿನ ಸೆಂಡರ್ ಖಾಲಿ ಇದ್ದಾಗ 0 ಓಮ್, ತುಂಬಿದಾಗ 90 ಓಮ್ ತೋರಿಸುತ್ತದೆ. ವೈರು ಎಲ್ಲಾದರೂ ತುಂಡಾಗಿದ್ದರೆ ಅಥವಾ ಟ್ಯಾಂಕಿಗೆ ಅರ್ಥಿಂಗ್ ಸಿಗದಿದ್ದರೆ ಗೇಜ್‌ಗೆ ಅದು 90ಕ್ಕಿಂತ ಜಾಸ್ತಿ ಓಮ್ ಇದ್ದ ಹಾಗೆ. ಮುಳ್ಳು ಫುಲ್ ದಾಟಿ ಓಡುತ್ತದೆ. ಅಂದರೆ ಗೇಜ್‌ಗೆ ಜೀವ ಇದೆ, ತಪ್ಪು ಹಿಂದೆ ಟ್ಯಾಂಕಿನ ಬಳಿ. ಖಾತ್ರಿ ಮಾಡಿಕೊಳ್ಳಲು ಡಿಕ್ಕಿ ಕಡೆ ಹೋಗಿ ಟ್ಯಾಂಕಿಗೆ ಹೋಗುವ ತಿಳಿ ಕಂದು ವೈರಿನ ಕನೆಕ್ಟರ್ ಬಿಚ್ಚಿ. ಗೇಜ್ ಕಡೆ ಹೋಗುವ ತುದಿಯನ್ನು ಕಾರಿನ ಬಾಡಿಗೆ ಮುಟ್ಟಿಸಿ ಹಿಡಿಯಿರಿ. ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಕೀ ಆನ್ ಮಾಡಿ ಒಬ್ಬರು ಮುಂದೆ ಕೂತು ಮುಳ್ಳು ನೋಡಲಿ. ಅದು ಖಾಲಿ ಕಡೆಗೆ ಇಳಿದರೆ ಗೇಜ್, ಅಲ್ಲಿಯತನಕದ ವೈರು ಎರಡೂ ಚೆನ್ನಾಗಿವೆ. ಆಮೇಲೆ ಟ್ಯಾಂಕಿನ ಅರ್ಥಿಂಗ್ ವೈರಿನ ತುಕ್ಕು ಉಜ್ಜಿ ನೋಡಿ. ಎಷ್ಟೋ ಸಲ ಅಲ್ಲಿಗೇ ರೋಗ ವಾಸಿ. ವಾಸಿಯಾಗದಿದ್ದರೆ ಹೊಸ ಸೆಂಡರ್. ಕೊಳ್ಳುವಾಗ 0ರಿಂದ 90 ಓಮ್‌ನದೇ ಕೇಳಿ. ಫೋರ್ಡ್, ಕ್ರೈಸ್ಲರ್‌ಗಳ ಲೆಕ್ಕ ಇದಕ್ಕೆ ಪೂರ್ತಿ ತಲೆಕೆಳಗು. ಅವರಲ್ಲಿ ಖಾಲಿಗೆ ಸುಮಾರು 73, ಫುಲ್‌ಗೆ ಸುಮಾರು 10 ಓಮ್. ಅಲ್ಲಿ ವೈರು ತುಂಡಾದರೆ ಮುಳ್ಳು ಏಳುವುದೇ ಇಲ್ಲ. ಜೊತೆಗೆ ಅವರ ಗೇಜ್‌ಗಳಿಗೆ ಸುಮಾರು 5 ವೋಲ್ಟ್ ಮಾತ್ರ ಕೊಡುವ ಒಂದು ಪುಟ್ಟ ರೆಗ್ಯುಲೇಟರ್ ಇರುತ್ತದೆ. ಎಲ್ಲ ಮುಳ್ಳುಗಳೂ ಒಟ್ಟಿಗೆ ಹುಚ್ಚಾಟ ಆಡಿದರೆ ಮೊದಲ ಅನುಮಾನ ಅದರ ಮೇಲೆ. ಜಿಎಂ ಗೇಜ್‌ಗಳಿಗೆ ಅದು ಬೇಕಾಗಿಲ್ಲ.

ಆಂಪಿಯರ್ ಮುಳ್ಳು ಅಲ್ಲಾಡದಿರುವುದು ಅರ್ಧ ರೋಗ, ಅರ್ಧ ಸ್ವಭಾವ. ಕಮಾರೊದಲ್ಲಿ ಚಾರ್ಜಿಂಗ್ ಕರೆಂಟ್ ಗೇಜ್ ಒಳಗೆ ಹಾಯುವುದೇ ಇಲ್ಲ. ಬ್ಯಾಟರಿ ಮತ್ತು ಹಾರ್ನ್ ರಿಲೇ ನಡುವಿನ ದಪ್ಪ ವೈರಿನಲ್ಲಿ ಉಂಟಾಗುವ ಅತಿ ಸಣ್ಣ ವೋಲ್ಟೇಜ್ ವ್ಯತ್ಯಾಸವನ್ನು ಆ ಎರಡು ತೆಳು ವೈರುಗಳು ಗೇಜ್‌ಗೆ ತಲುಪಿಸುತ್ತವೆ. ಬ್ಯಾಟರಿ ತುಂಬಿದ್ದರೆ ವ್ಯತ್ಯಾಸ ಸೊನ್ನೆಗೆ ಹತ್ತಿರ, ಮುಳ್ಳು ನಡುವೆ ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳು ಡಿಸ್ಚಾರ್ಜ್ ಕಡೆಗೆ ಕೂದಲೆಳೆಯಷ್ಟಾದರೂ ವಾಲಬೇಕು. ವಾಲದಿದ್ದರೆ ಆ ಎರಡು ಫ್ಯೂಸ್ ಡಬ್ಬಿ ತೆರೆಯಿರಿ. 4 ಆಂಪಿಯರ್‌ನ ಫ್ಯೂಸ್ ಒಂದು ಹೋಗಿರುವ ಸಂಭವವೇ ಜಾಸ್ತಿ. ಯಾರೋ ದೊಡ್ಡ ಆಲ್ಟರ್ನೇಟರ್ ಹಾಕಿ ದಪ್ಪ ವೈರನ್ನು ಬೇರೆ ದಾರಿಯಲ್ಲಿ ಎಳೆದಿದ್ದರೂ ಮುಳ್ಳು ಸತ್ತಂತೆ ಕೂರುತ್ತದೆ.

ಹಳೇ ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಮಾತ್ರ ಈ ವಿಷಯ ಹಗುರವಲ್ಲ. ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಇಂಥವುಗಳಲ್ಲಿ ಚಾರ್ಜಿಂಗ್ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡ್ ಒಳಗೆ ಬಂದು, ಆಂಪಿಯರ್ ಗೇಜ್ ಮೂಲಕವೇ ಹಾದು ವಾಪಸ್ ಹೋಗುತ್ತದೆ. ಗೋಡೆಯಲ್ಲಿನ ಕನೆಕ್ಟರ್ ಪಿನ್ನು ತುಕ್ಕು ಹಿಡಿದರೆ ಅಲ್ಲಿ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಬೀಳಲೂಬಹುದು. ಅಂಥ ಕಾರು ಕೊಂಡರೆ ಮೊದಲು ಮಾಡಿಸಬೇಕಾದ ಕೆಲಸ ಅದು. ಗೇಜ್‌ನ ಹಳೇ ಮುಖ ಹಾಗೇ ಇಟ್ಟು ಒಳಗೆ ವೋಲ್ಟ್‌ಮೀಟರ್ ಹಾಕಿಕೊಡುವವರಿದ್ದಾರೆ.

ಗಡಿಯಾರ ನಿಂತಿದೆ ಅಂದಿರಿ. ನಿಂತಿರದಿದ್ದರೆ ಆಶ್ಚರ್ಯಪಡುತ್ತಿದ್ದೆ. ಆ ಕಾಲದ ಕಾರಿನ ಗಡಿಯಾರ ನಿಜಕ್ಕೂ ಸ್ಪ್ರಿಂಗ್ ಗಡಿಯಾರ. ಎರಡು ಮೂರು ನಿಮಿಷಕ್ಕೊಮ್ಮೆ ಸ್ಪ್ರಿಂಗ್ ಬಿಚ್ಚಿದಾಗ ಒಳಗಿನ ಎರಡು ಪಾಯಿಂಟ್ ಮುಟ್ಟಿಕೊಂಡು, ಒಂದು ಕಾಯಿಲ್ ಟಕ್ ಅಂತ ಅದಕ್ಕೆ ಕೀ ಕೊಡುತ್ತದೆ. ಬ್ಯಾಟರಿ ಇಳಿದಾಗ ಕೀ ಕೊಡುವ ಶಕ್ತಿ ಸಾಲದೆ ಪಾಯಿಂಟ್‌ಗಳು ಅಂಟಿಕೊಂಡೇ ಇದ್ದು ಸುಟ್ಟುಹೋಗುತ್ತವೆ. ಕಾರನ್ನು ಚಳಿಗಾಲವಿಡೀ ಗ್ಯಾರೇಜಿನಲ್ಲಿ ನಿಲ್ಲಿಸಿದವರ ಗಡಿಯಾರಗಳ ಪಾಡು ಇದೇ. ಪಾಯಿಂಟ್ ಉಜ್ಜಿ, ಒಂದು ಹನಿ ಗಡಿಯಾರದ ಎಣ್ಣೆ ಬಿಟ್ಟರೆ ಕೆಲವು ಮತ್ತೆ ಓಡುತ್ತವೆ. ಇಲ್ಲದಿದ್ದರೆ ಹಳೇ ಮುಖ, ಹಳೇ ಮುಳ್ಳುಗಳ ಹಿಂದೆ ಕ್ವಾರ್ಟ್ಜ್ ಯಂತ್ರ ಹಾಕಿಸಿ. ಇದರಲ್ಲಿ ಮೂಲತನದ ಬಗ್ಗೆ ಜಗಳ ಕಾಯುವವರು ಇದ್ದಾರೆ. ಸರಿಯಾದ ಸಮಯ ತೋರಿಸುವ ಗಡಿಯಾರವೇ ನನಗಿಷ್ಟ.

41 ಸಾವಿರ ಮೈಲಿ ಬಗ್ಗೆ: ಈ ಓಡೋಮೀಟರ್‌ಗಳಲ್ಲಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಹಾಗಾಗಿ ನಿಮ್ಮದು 41 ಸಾವಿರವೂ ಇರಬಹುದು, 1 ಲಕ್ಷದ 41 ಸಾವಿರವೂ ಇರಬಹುದು. ಟೈಟಲ್ ಪತ್ರದಲ್ಲಿ (ಮಾಲೀಕತ್ವದ ದಾಖಲೆ) ಇಂಥ ಹಳೇ ಕಾರಿನ ಮೈಲಿ ಜಾಗದಲ್ಲಿ ಎಕ್ಸೆಂಪ್ಟ್ (ವಿನಾಯಿತಿ) ಅಂತ ಬರೆದಿರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬ್ರೇಕ್ ಪೆಡಲ್‌ನ ರಬ್ಬರ್, ಡ್ರೈವರ್ ಬಾಗಿಲಿನ ಹಿಂಜ್, ಹಳೇ ಸರ್ವಿಸ್ ಚೀಟಿ ನೋಡಿ. ಸ್ಪೀಡೋಮೀಟರ್ ಕೇಬಲ್ಲು ಮೈಲಿಗೆ ಸುಮಾರು 1000 ಸುತ್ತು ಸುತ್ತುತ್ತದೆ. ಹಿಂದಿನ ಆಕ್ಸಲ್ ರೇಷಿಯೋ ಬದಲಿಸಿ ಗೇರ್‌ಬಾಕ್ಸ್‌ನಲ್ಲಿರುವ ಬಣ್ಣದ ಪ್ಲಾಸ್ಟಿಕ್ ಹಲ್ಲುಗಾಲಿಯನ್ನು ಬದಲಿಸದಿದ್ದರೆ ವೇಗವೂ ತಪ್ಪು, ಮೈಲಿಯೂ ತಪ್ಪು. ಮೊಬೈಲ್‌ನ ಜಿಪಿಎಸ್ ಇಟ್ಟುಕೊಂಡು ಹೈವೇಯಲ್ಲಿ 60 ಮೈಲಿಗೆ ಹೋಲಿಸಿ ನೋಡಿದರೆ ಯಾರಾದರೂ ಆಕ್ಸಲ್‌ಗೆ ಕೈ ಹಾಕಿದ್ದಾರಾ ಅನ್ನುವುದಕ್ಕೂ ಸುಳಿವು ಸಿಗುತ್ತದೆ.

ಡಿಜಿಟಲ್ ಗೇಜ್ ವಿಷಯ. ಹಾಕಿಸಬೇಡಿ ಅನ್ನುತ್ತೇನೆ, ಆದರೆ ಕಾರಣ ಭಾವನೆಯದ್ದಲ್ಲ. ಎಂಜಿನ್ ಹಳೆಯದೇ ಇಟ್ಟುಕೊಂಡು ಗೇಜ್ ಮಾತ್ರ ಹೊಸದು ಮಾಡಿದರೆ ಸೆಂಡರ್‌ಗಳೆಲ್ಲ ಬದಲಾಗಬೇಕು, ವೈರಿಂಗ್ ಕತ್ತರಿಸಬೇಕು, ಮಾರುವ ದಿನ ಆ ದುಡ್ಡು ವಾಪಸ್ ಬರುವುದಿಲ್ಲ. ಎಂಜಿನ್ನೂ ಬದಲಿಸಿ ಹೊಸ ಕಾಲದ ಇಂಜೆಕ್ಷನ್ ಎಂಜಿನ್ ಹಾಕುವವರ ಮಾತು ಬೇರೆ, ಅವರಿಗೆ ಡಿಜಿಟಲ್ಲೇ ಅನುಕೂಲ. ಹಾಕಿಸಲೇಬೇಕು ಅಂತಿದ್ದರೆ ಹಳೇ ವೈರಿಂಗ್ ಕತ್ತರಿಸದೆ, ಪಕ್ಕದಲ್ಲಿ ಬೇರೆ ಕಂತೆ ಎಳೆಯುವ ಮೆಕ್ಯಾನಿಕ್ ಹುಡುಕಿ. ತೆಗೆದ ಹಳೇ ಗೇಜ್‌ಗಳನ್ನು ಡಬ್ಬಿಯಲ್ಲಿ ಹಾಕಿ ಕಾರಿನ ಜೊತೆಗೇ ಇಡಿ. ಬೆಲೆ ಮಾತಾಡುವಾಗ ಹೀಗೆ ಮಾಡಿ: ಬಿಲ್ಡ್ ಶೀಟೋ ಹಳೇ ಬಿಲ್ಲೋ ತೋರಿಸಿದರೆ ಗೇಜ್‌ಗೆ ಒಂದಿಷ್ಟು ಜಾಸ್ತಿ ಕೊಡಿ. ಬರೀ ಬಾಯಿಮಾತಾದರೆ ಗೇಜ್ ಇಲ್ಲದ ಎಸ್‌ಎಸ್ 350ಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.

ಕೊನೆಗೆ ನೀವು ಕೇಳದೇ ಇದ್ದ ಒಂದು ವಿಷಯ, ಆಯಿಲ್ ಗೇಜ್‌ನ ಆ ನಳಿಕೆ. ಹಳೇ ನೈಲಾನ್ ನಳಿಕೆ ಬಿಸಿಗೆ ಒಣಗಿ ಕಡ್ಡಿಯ ಹಾಗೆ ಮುರಿಯುತ್ತದೆ. ಒಳಗೆ ಇರುವುದು ಬಿಸಿ ಆಯಿಲ್, ಪ್ರೆಷರ್‌ನಲ್ಲಿ. ಮುರಿದರೆ ಕಾರ್ಪೆಟ್ ಹಾಳಾಗುತ್ತದೆ, ನಿಮ್ಮ ಕಾಲಿಗೂ ಸುಡಬಹುದು, ಗಮನಿಸದೆ ಓಡಿಸಿದರೆ ಎಂಜಿನ್ನೂ ಹೋಗಬಹುದು. ಕಾರು ನೋಡಲು ಹೋದಾಗ ಕನ್ಸೋಲ್‌ನ ಎರಡೂ ಪಕ್ಕ ಕಾರ್ಪೆಟ್ ಒತ್ತಿ ಬೆರಳು ಮೂಸಿ ನೋಡಿ. ಕೊಂಡರೆ ಮನೆಗೆ ಓಡಿಸಿಕೊಂಡು ಬರುವ ಮುಂಚೆಯೇ ಹೊಸ ನಳಿಕೆ ಹಾಕಿಸಿ. ಗೋಡೆ ದಾಟುವ ತೂತಿನಲ್ಲಿ ರಬ್ಬರ್ ಬಳೆ ಇದೆಯಾ ಅಂತಲೂ ನೋಡಿಕೊಳ್ಳಿ, ಅದಿಲ್ಲದಿದ್ದರೆ ತಗಡಿನ ಅಂಚು ಹೊಸ ನಳಿಕೆಯನ್ನೂ ಕೊಯ್ಯುತ್ತದೆ.